2013ರ ಲ್ಯಾಪ್‌ಟಾಪ್‌ನಲ್ಲಿ ಆರು ವರ್ಷ ಲಿನಕ್ಸ್ ಮಿಂಟ್: ನಮ್ಮ ಮನೆಯ ಅನುಭವ

ಇದನ್ನು ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪ್ ನಾವು 2013ರಲ್ಲಿ ಕೊಂಡದ್ದು. ಮೂರನೇ ತಲೆಮಾರಿನ ಐ3 ಪ್ರೊಸೆಸರ್. ಬಂದಾಗ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇತ್ತು. ಬ್ಯಾಟರಿ ಯಾವತ್ತೋ ಸತ್ತಿದೆ. ಚಾರ್ಜರ್ ಹಾಕಿಯೇ ಇಟ್ಟುಕೊಳ್ಳಬೇಕು. ಹಾಗಿದ್ದರೂ ದಿನವೂ ಕೆಲಸಕ್ಕೆ ಬರುತ್ತಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಟಿಪ್ಪಣಿ ಎಲ್ಲ ಇದರಲ್ಲೇ. ನಮ್ಮನೆಯವರು ಅಡಿಕೆ ತೋಟದ ಲೆಕ್ಕ ಇಡುತ್ತಾರೆ. ಮಗಳು ಓದುತ್ತಾಳೆ. ಸಂಜೆ ಅತ್ತೆ ಭಜನೆ ಕೇಳುತ್ತಾರೆ. ನಾಲ್ಕು ಜನಕ್ಕೂ ಇರುವುದು ಇದೊಂದೇ ಕಂಪ್ಯೂಟರ್.

2020ರ ಜನವರಿ 14ಕ್ಕೆ ವಿಂಡೋಸ್ 7ರ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು ನಿಂತವು. ಬ್ಯಾಂಕಿನ ಕೆಲಸವನ್ನೂ ಇದರಲ್ಲೇ ಮಾಡುತ್ತಿದ್ದೆವು. ಹಾಗಾಗಿ ಸುಮ್ನೆ ಬಿಡುವ ಹಾಗಿರಲಿಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಆ ವರ್ಷ ಕೈಯಲ್ಲಿ ದುಡ್ಡಿರಲಿಲ್ಲ. ಸಹೋದ್ಯೋಗಿಯೊಬ್ಬರು ಲಿನಕ್ಸ್ ಮಿಂಟ್ ಹಾಕಿ ನೋಡಿ ಅಂದರು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಅದು. ಆ ತಿಂಗಳೇ ಹಾಕಿದೆ. ಇವತ್ತಿಗೆ ಆರು ವರ್ಷ ದಾಟಿದೆ. ಮಿಂಟ್ 19.3ರಿಂದ ಶುರು ಮಾಡಿ ಈಗ 22.2ರಲ್ಲಿದ್ದೇನೆ. ನಡುವೆ ಮೂರು ಸಲ ದೊಡ್ಡ ಆವೃತ್ತಿ ಬದಲಾಯಿತು. ಅದರಲ್ಲಿ ಒಂದು ಸಲ ಕೈಕಾಲೇ ಆಡಲಿಲ್ಲ. ಅದನ್ನೂ ಹೇಳುತ್ತೇನೆ.

ಮೊದಲ ಸಲ ಹಾಕುವಾಗ ಕಷ್ಟ ಆಗಿದ್ದು ಡೌನ್‌ಲೋಡ್. ಮಿಂಟ್‌ನ ಫೈಲ್ ಆಗ ಹತ್ತಿರಹತ್ತಿರ 2 ಜಿಬಿ ಇತ್ತು. ಸಾಗರದ ಪೇಟೆಯಿಂದ ದೂರದ ಹಳ್ಳಿ ನಮ್ಮದು. ಇಂಟರ್ನೆಟ್ ಅಂದರೆ ಮೊಬೈಲ್ ಡೇಟಾ. ದಿನಕ್ಕೆ ಒಂದೂವರೆ ಜಿಬಿ. ಬ್ರೌಸರ್‌ನಲ್ಲಿ ನೇರ ಇಳಿಸಲು ಹೋದರೆ ಅರ್ಧಕ್ಕೆ ಕಡಿದುಹೋಗುತ್ತಿತ್ತು. ಆಮೇಲೆ ಫೈಲನ್ನು ತುಂಡು ತುಂಡಾಗಿ ಇಳಿಸುವ ಟೊರೆಂಟ್ ಹಾಕಿದೆ. ನಿಂತಲ್ಲಿಂದ ಮತ್ತೆ ಶುರುವಾಗುತ್ತದೆ ಅಲ್ವಾ, ಎರಡು ದಿನದಲ್ಲಿ ಮುಗಿಯಿತು. ಇಳಿಸಿದ ಫೈಲ್ ಸರಿಯಾಗಿದೆಯೇ ಅಂತ ಚೆಕ್‌ಸಮ್ (ಫೈಲಿನ ಗುರುತಿನ ಸಂಕೇತ) ಹೋಲಿಸಿ ನೋಡುವ ಕ್ರಮವಿದೆ. ಅದನ್ನು ತಪ್ಪಿಸಬೇಡಿ. ಹಾಳಾದ ಫೈಲ್ ಇಟ್ಟುಕೊಂಡು ಇನ್‌ಸ್ಟಾಲ್ ಮಾಡಲು ಹೋದರೆ ಎಲ್ಲಿ ಕೈಕೊಡುತ್ತದೋ ಗೊತ್ತಾಗುವುದಿಲ್ಲ.

8 ಜಿಬಿಯ ಪೆನ್‌ಡ್ರೈವ್ ಸಾಕು. ವಿಂಡೋಸ್‌ನಲ್ಲಿ ಇರುವಾಗಲೇ ಎಚ್ಚರ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಆ ಫೈಲನ್ನು ಪೆನ್‌ಡ್ರೈವ್‌ಗೆ ಬರೆದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಮಿಂಟ್‌ನಲ್ಲಿ ನನಗೆ ಮೊದಲು ಇಷ್ಟವಾಗಿದ್ದು ಏನೆಂದರೆ, ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಸೌಂಡ್ ಬರುತ್ತಾ, ಕ್ಯಾಮೆರಾ ನಡೆಯುತ್ತಾ, ಪರದೆ ಸರಿ ಇದೆಯಾ ಅಂತ ಒಂದು ಗಂಟೆ ನೋಡಿದೆ. ಎಲ್ಲ ಸರಿ ಇತ್ತು, ವೈಫೈ ಒಂದು ಬಿಟ್ಟು.

ಈ ವೈಫೈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ತೊಂದರೆ. ಕೆಲವು ವೈಫೈ ಚಿಪ್‌ಗಳ ಡ್ರೈವರ್, ಅಂದರೆ ಆ ಚಿಪ್ ನಡೆಸುವ ಸಾಫ್ಟ್‌ವೇರ್, ಮುಕ್ತ ತಂತ್ರಾಂಶವಲ್ಲ. ಹಾಗಾಗಿ ತಾನಾಗಿ ಕೆಲಸ ಶುರು ಮಾಡುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಇನ್‌ಸ್ಟಾಲ್ ಮಾಡಿದ ಮೇಲೆ ನನಗೆ ದಾರಿ ತೋರಿಸಿದ್ದು ಫೋನ್. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಫೋನಿನ ಇಂಟರ್ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ತಕ್ಷಣ ಕೇಬಲ್ ಇಂಟರ್ನೆಟ್ ಇದ್ದ ಹಾಗೆ ಸಿಕ್ಕಿತು. ಆಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದೆ. ಅದೇ ಚಿಪ್ ಗುರುತಿಸಿ ಡ್ರೈವರ್ ತೋರಿಸಿತು. ಟಿಕ್ ಮಾಡಿ, ರೀಸ್ಟಾರ್ಟ್ ಮಾಡಿದ ಮೇಲೆ ವೈಫೈ ಬಂತು. ಆರು ವರ್ಷದಲ್ಲಿ ಮತ್ತೆ ಒಂದು ದಿನವೂ ಹೋಗಿಲ್ಲ. ಯಾರಾದರೂ ವೈಫೈ ಬರಲಿಲ್ಲ ಅಂತ ಮಿಂಟ್ ಬಿಟ್ಟಿದ್ದರೆ, ಒಂದು ಸಲ ಹೀಗೆ ಮಾಡಿ ನೋಡಿ.

ಇನ್‌ಸ್ಟಾಲ್ ಮಾಡುವ ಕೆಲಸ ನಿಜಕ್ಕೂ ಸುಲಭ. ಭಾಷೆ, ಕೀಬೋರ್ಡ್, ಊರು, ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಸಮಯ ವಲಯಕ್ಕೆ ಕೋಲ್ಕತ್ತಾ ಅಂತ ಇರುತ್ತದೆ, ಗಾಬರಿ ಬೇಡ, ಇಡೀ ದೇಶಕ್ಕೆ ಅದೇ. ಹಾಡು, ವಿಡಿಯೋ ನಡೆಯಲು ಬೇಕಾದ ಕೋಡೆಕ್‌ಗಳ ಮುಂದೆ ಟಿಕ್ ಹಾಕಿ. ಡಿಸ್ಕ್ ಎಲ್ಲ ಅಳಿಸಬೇಕಾ, ಪಕ್ಕದಲ್ಲಿ ಹಾಕಬೇಕಾ ಅಂತ ಕೇಳುವ ಜಾಗ ಒಂದರಲ್ಲಿ ಮಾತ್ರ ನಿಂತು ಎರಡು ಸಲ ಓದಿ. ನಮ್ಮನೆಯವರು ಹಿಂದೆ ನಿಂತು ಒಂದೇ ಮಾತು ಹೇಳಿದ್ದರು: "ನೀನು ಏನಾದ್ರೂ ಮಾಡು, ನನ್ನ ಲೆಕ್ಕದ ಫೈಲ್ ಮಾತ್ರ ಹೋಗ್ಬಾರ್ದು." ಅದಕ್ಕೇ ಮೊದಲು ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿ, ಅಲ್ಲಿಂದ ನಾಲ್ಕೈದು ಫೈಲ್ ತೆರೆದು ನೋಡಿ, ಆಮೇಲೆ ಅಳಿಸಿದೆ. ಕಾಪಿ ಆದರೆ ಸಾಲದು, ತೆರೆದು ನೋಡಬೇಕು.

ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಪರದೆಯ ರೂಪ ಬೇರೆ ಬೇರೆ ಇರುವ ಮೂರು ಬಗೆ ಇವೆ. 4 ಜಿಬಿ ರ‍್ಯಾಮ್ ಅಂತ ನಾನು ಮೊದಲು ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿದ್ದೆ. ಚೆನ್ನಾಗಿಯೇ ಇತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಕನ್ನಡ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಕಲಿತ ಅದೇ ಕೀಲಿಮಣೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬೇಕಾದವರಿಗೆ ಅದೂ ಇದೆ. ವಿಂಡೋಸ್ ಚಿಹ್ನೆಯ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುತ್ತದೆ. ಮೊದಲ ದಿನ ಎ, ಡಬ್ಲ್ಯೂ, ಐ, ಕೆ, ಇ ಒತ್ತಿದೆ. ಪರದೆ ಮೇಲೆ 'ಅಡಿಕೆ' ಅಂತ ಬಂತು. ಎ, ಎಂ, ಎಫ್, ಎಂ ಒತ್ತಿದರೆ 'ಅಮ್ಮ'. ಇಪ್ಪತ್ತು ವರ್ಷದಿಂದ ಬೆರಳಿಗೆ ಕೂತ ಅಭ್ಯಾಸ ಒಂದಿಷ್ಟೂ ಬದಲಾಯಿಸಬೇಕಾಗಲಿಲ್ಲ. ನನಗೆ ಆಗ ಆದ ಸಮಾಧಾನ ಅಷ್ಟಿಷ್ಟಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೋ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ನಾನು ಪ್ರಶ್ನೆಪತ್ರಿಕೆಗೆ ನೋಟೋ ಬಳಸುತ್ತೇನೆ. ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ, ಜೆರಾಕ್ಸ್ ಮಾಡಿಸಿದ ಮೇಲೂ ಮಕ್ಕಳಿಗೆ ಓದಲು ಬರುತ್ತದೆ.

ಆದರೆ ಹಳೆಯ ಫೈಲ್‌ಗಳು? ಅಲ್ಲಿ ಕಷ್ಟ ಇತ್ತು. ನನ್ನ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು, ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಒಂದೇ ಆದ ಯುನಿಕೋಡ್ ಸಂಕೇತದಲ್ಲಿ ಅಲ್ಲ. ಆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇದು ಮಿಂಟ್‌ನ ತಪ್ಪಲ್ಲ. ಫೋನಿನಲ್ಲಿ ತೆರೆದರೂ ಹಾಗೇ. ಹಳೆಯ ಫಾಂಟ್ ಫೈಲನ್ನು ಹಾಕಿಕೊಂಡರೆ ನೋಡಲು, ಪ್ರಿಂಟ್ ತೆಗೆಯಲು ಆಗುತ್ತದೆ. ತಿದ್ದಬೇಕೆಂದರೆ ಯುನಿಕೋಡ್‌ಗೆ ಬದಲಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಇರುವ ಪದಗಳನ್ನು, ಅಂಕಿಗಳನ್ನು, ಉದ್ಧರಣ ಚಿಹ್ನೆಗಳನ್ನು ಮುಖ್ಯವಾಗಿ ನೋಡಿ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಬದಲಿಸಿ, ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ನಾನು ಒಂದು ಬೇಸಿಗೆ ರಜೆ ಪೂರ್ತಿ ದಿನಕ್ಕೆ ಒಂದು ಗಂಟೆ ಕೂತು ಈ ಕೆಲಸ ಮುಗಿಸಿದೆ. ಈಗ ಅವೇ ಫೈಲ್‌ಗಳು ಫೋನಿನಲ್ಲೂ ತೆರೆಯುತ್ತವೆ, ಒಂದು ಪದ ಹುಡುಕಿದರೆ ಸಿಗುತ್ತದೆ. ಕನ್ನಡ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ನನ್ನ ಕೋರಿಕೆ: ಮಿಂಟ್ ಹಾಕಿದರೂ ಹಾಕದಿದ್ದರೂ ಈ ಕೆಲಸ ಮಾಡಿಟ್ಟುಕೊಳ್ಳಿ.

ಇಡೀ ಮಿಂಟನ್ನೇ ಕನ್ನಡದಲ್ಲಿ ನಡೆಸಬಹುದು. ಅತ್ತೆಗೆ ಅನುಕೂಲ ಆಗಲಿ ಅಂತ ಬೇರೆ ಖಾತೆ ಮಾಡಿ ಅದನ್ನು ಕನ್ನಡಕ್ಕೆ ಹಾಕಿದ್ದೇನೆ. ಅನುವಾದ ಪೂರ್ತಿ ಆಗಿಲ್ಲ. ಒಂದು ಮೆನು ಕನ್ನಡದಲ್ಲಿ, ಅದರೊಳಗಿನ ಸಾಲು ಇಂಗ್ಲಿಷ್‌ನಲ್ಲಿ. ಇದು ಯಾವುದೋ ಕಂಪನಿ ಮಾಡಿಕೊಡುವ ಕೆಲಸವಲ್ಲ, ಸ್ವಯಂಸೇವಕರು ಮಾಡುವ ಕೆಲಸ. ನಮ್ಮವರು ಇನ್ನೂ ಜಾಸ್ತಿ ಜನ ಕೈಜೋಡಿಸಬೇಕು ಅಂತ ಮನಸ್ಸಾರೆ ಅನಿಸುತ್ತದೆ.

ಇನ್ನು ಅಪ್‌ಗ್ರೇಡ್. ಮಿಂಟ್‌ನ ಮುಖ್ಯ ಆವೃತ್ತಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ದೀರ್ಘಾವಧಿ ಆವೃತ್ತಿಯ ಮೇಲೆ ನಿಂತಿರುತ್ತದೆ. ಇಲ್ಲಿಯವರೆಗೆ ಎರಡು ವರ್ಷಕ್ಕೊಂದು ದೊಡ್ಡದು ಬಂದಿದೆ, ನಡುವೆ ಮೂರು ಚಿಕ್ಕದು. ಹೆಸರುಗಳೆಲ್ಲ ಹೆಣ್ಣುಮಕ್ಕಳದ್ದು. 21 ವೆನೆಸ್ಸಾ, 22 ವಿಲ್ಮಾ. ಚಿಕ್ಕ ಅಪ್‌ಗ್ರೇಡ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅಪ್‌ಡೇಟ್ ಮ್ಯಾನೇಜರ್‌ನ ಎಡಿಟ್ ಮೆನುವಿನಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ, ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ದೊಡ್ಡದರದ್ದೇ ಬೇರೆ ಕಥೆ.

2021ರ ಮಳೆಗಾಲ. ಮಗಳಿಗೆ ಆನ್‌ಲೈನ್ ಕ್ಲಾಸ್ ನಡೆಯುತ್ತಿತ್ತು. ಒಂದು ಶನಿವಾರ ರಾತ್ರಿ 19.3ರಿಂದ 20ಕ್ಕೆ ಹೋಗೋಣ ಅಂತ ಕೂತೆ. ಆಗ ಅದಕ್ಕೆ ಚಿತ್ರದ ಕಿಟಕಿ ಇರಲಿಲ್ಲ. ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ ಕೊಡಬೇಕಿತ್ತು. ಮೊದಲು ಪರೀಕ್ಷೆ, ಆಮೇಲೆ ಡೌನ್‌ಲೋಡ್, ಕೊನೆಗೆ ಅಪ್‌ಗ್ರೇಡ್. ಟೈಮ್‌ಶಿಫ್ಟ್ ಎಂಬ ಸಾಧನದಿಂದ ಆಗಿನ ಸ್ಥಿತಿಯ ಒಂದು ಪ್ರತಿ ತೆಗೆದಿಡದಿದ್ದರೆ ಮುಂದೆ ಹೋಗಲು ಅದು ಬಿಡಲೇ ಇಲ್ಲ. ಹಾಗಾಗಿ ತೆಗೆದಿಟ್ಟೆ. ಅಪ್‌ಗ್ರೇಡ್ ಶುರುವಾಯಿತು. ಕಪ್ಪು ಪರದೆ ಮೇಲೆ ಬಿಳಿ ಸಾಲುಗಳು ಮೇಲೆ ಮೇಲೆ ಓಡುತ್ತಿದ್ದವು. ಹೊರಗೆ ಗಾಳಿ ಎದ್ದಿತು. ಹತ್ತು ಗಂಟೆ ಹೊತ್ತಿಗೆ ಕರೆಂಟ್ ಹೋಯಿತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್, ಅಲ್ಲೇ ಆರಿತು.

ಬೆಳಗಿನ ಜಾವ ಕರೆಂಟ್ ಬಂದಾಗ ಆನ್ ಮಾಡಿದೆ. ಲೋಗೋ ಬಂತು, ಆಮೇಲೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿಣಮಿಣ ಅನ್ನುತ್ತಾ ನಿಂತಿತು. ಮುಂದೆ ಹೋಗಲಿಲ್ಲ. ಮಗಳು ಎದ್ದು ಬಂದು ನೋಡಿದಳು. "ಅಮ್ಮಾ, ಸೋಮವಾರ ಕ್ಲಾಸ್ ಹೇಗೆ ಕೇಳ್ಲಿ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಆಮೇಲೆ ನೆನಪಾಯಿತು, ಹಳೆಯ ಇನ್‌ಸ್ಟಾಲ್ ಪೆನ್‌ಡ್ರೈವ್ ಇನ್ನೂ ಡಬ್ಬಿಯಲ್ಲಿದೆ. ಅದರಿಂದ ಮಿಂಟ್ ನಡೆಸಿದೆ. ಅದರ ಮೆನುವಿನಲ್ಲೂ ಟೈಮ್‌ಶಿಫ್ಟ್ ಇದೆ. ತೆರೆದು ಲ್ಯಾಪ್‌ಟಾಪ್‌ನ ಡಿಸ್ಕ್ ತೋರಿಸಿದೆ. ಹಿಂದಿನ ರಾತ್ರಿ ತೆಗೆದಿಟ್ಟ ಪ್ರತಿ ದಿನಾಂಕ, ಗಂಟೆ ಸಮೇತ ಪಟ್ಟಿಯಲ್ಲಿತ್ತು. ಅದನ್ನು ಆರಿಸಿ ರಿಸ್ಟೋರ್ ಒತ್ತಿದೆ. ಆ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಏನೂ ಆಗದ ಹಾಗೆ 19.3 ಎದ್ದು ಕೂತಿತು. ನಮ್ಮನೆಯವರ ಲೆಕ್ಕ, ನನ್ನ ಪ್ರಶ್ನೆಪತ್ರಿಕೆ, ಮಗಳ ನೋಟ್ಸ್ ಎಲ್ಲ ಇದ್ದ ಜಾಗದಲ್ಲೇ ಇದ್ದವು. ಸೋಮವಾರ ಕ್ಲಾಸ್ ನಡೆಯಿತು. ಮುಂದಿನ ಭಾನುವಾರ ಇನ್ವರ್ಟರ್ ಇರುವ ತಂಗಿ ಮನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಪ್‌ಗ್ರೇಡ್ ಮುಗಿಸಿಕೊಂಡು ಬಂದೆ.

ಇಲ್ಲಿ ಒಂದು ವಿಷಯ ತುಂಬ ಜನ ತಪ್ಪು ತಿಳಿದುಕೊಳ್ಳುತ್ತಾರೆ. ಟೈಮ್‌ಶಿಫ್ಟ್ ಕಾಪಾಡುವುದು ಆಪರೇಟಿಂಗ್ ಸಿಸ್ಟಮ್‌ನ ಫೈಲ್‌ಗಳನ್ನು. ನಮ್ಮ ಫೋಟೋ, ದಾಖಲೆ ಇರುವ ಹೋಮ್ ಫೋಲ್ಡರನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಡಿಸ್ಕೇ ಸತ್ತರೆ ಆ ಪ್ರತಿಯೂ ಸತ್ತಂತೆ. ಹಾಗಾಗಿ ನಮ್ಮ ಫೈಲ್‌ಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಟೈಮ್‌ಶಿಫ್ಟ್‌ನ ಮೊದಲ ಪ್ರತಿ ಹಲವು ಜಿಬಿ ಜಾಗ ತಿನ್ನುತ್ತದೆ. ಆಮೇಲಿನವು ಬದಲಾದದ್ದನ್ನು ಮಾತ್ರ ಸೇರಿಸುವುದರಿಂದ ಅಷ್ಟು ದೊಡ್ಡದಿರುವುದಿಲ್ಲ. ನಾನು ವಾರಕ್ಕೆ ಒಂದರಂತೆ ಎರಡು ಮಾತ್ರ ಉಳಿಯುವ ಹಾಗೆ ಹಾಕಿದ್ದೇನೆ.

ಅದೇ ವರ್ಷದ ಕೊನೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗವಾದ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿ ರ‍್ಯಾಮ್ 8 ಜಿಬಿಗೆ ಏರಿಸಿದೆವು. ಎರಡೂ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಆನ್ ಆಗಲು ಎರಡು ನಿಮಿಷ ಹಿಡಿಯುತ್ತಿದ್ದ ಲ್ಯಾಪ್‌ಟಾಪ್ ಅರ್ಧ ನಿಮಿಷದೊಳಗೆ ತಯಾರು. ಸಿನಮನ್ ಹೊಸದಾಗಿ ಹಾಕಿದೆ. ಹಳೆಯ ಕಂಪ್ಯೂಟರ್ ನಿಧಾನ ಅನ್ನುವವರು ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮೊದಲು ಡಿಸ್ಕ್ ಬದಲಿಸಿ ನೋಡಿ. ನಿಜ ಹೇಳಬೇಕೆಂದರೆ, ಜಾಸ್ತಿ ವ್ಯತ್ಯಾಸ ಆಗಿದ್ದು ಅದರಿಂದ.

20.3ರಿಂದ 21ಕ್ಕೆ ಹೋಗುವ ಹೊತ್ತಿಗೆ ಕಿಟಕಿ, ಗುಂಡಿ ಇರುವ ಅಪ್‌ಗ್ರೇಡ್ ಸಾಧನ ಬಂದಿತ್ತು. ಒಂದೊಂದೇ ಹಂತ ಪರೀಕ್ಷಿಸಿ, ತೊಂದರೆ ಇದ್ದರೆ ಅಲ್ಲೇ ನಿಲ್ಲಿಸಿ, ಸರಿ ಮಾಡಿ ಅನ್ನುತ್ತದೆ. ತುಂಬ ಒಳ್ಳೆಯ ಕೆಲಸ ಮಾಡಿದ್ದಾರೆ. ಒಂದು ಕಡೆ ಮಾತ್ರ ಅವಸರದಲ್ಲಿ ಎಡವಿದೆ. ಮಿಂಟ್‌ನ ಭಂಡಾರದಲ್ಲಿ ಇಲ್ಲದ, ನಾವೇ ಹೊರಗಿನಿಂದ ಹಾಕಿಕೊಂಡ ಪ್ಯಾಕೇಜ್‌ಗಳನ್ನು ಅದು ಪಟ್ಟಿ ಮಾಡಿ ತೆಗೆದುಹಾಕುತ್ತೇನೆ ಅನ್ನುತ್ತದೆ. ಪಟ್ಟಿ ಓದದೆ ಸರಿ ಅಂದೆ. ಅದರಲ್ಲಿ ಪ್ರಿಂಟರ್‌ನ ಡ್ರೈವರ್ ಇತ್ತು. ಮರುದಿನ ಪ್ರಿಂಟ್ ಕೊಟ್ಟಾಗ ಗೊತ್ತಾಯಿತು. ಮತ್ತೆ ಹುಡುಕಿ ಹಾಕಿಕೊಳ್ಳಲು ಅರ್ಧ ದಿನ ಹೋಯಿತು. ಬೇಕಾದ ಪ್ಯಾಕೇಜ್‌ಗಳನ್ನು ಉಳಿಸಿಕೊಳ್ಳುವ ಅವಕಾಶ ಆ ಸಾಧನದ ಸೆಟ್ಟಿಂಗ್‌ನಲ್ಲೇ ಇದೆ. 21.3ರಿಂದ 22ಕ್ಕೆ ಹೋಗುವಾಗ ಪಟ್ಟಿ ಬರೆದಿಟ್ಟುಕೊಂಡು ಕೂತೆ. ಕಳೆದ ವರ್ಷ ಜನವರಿಯಲ್ಲಿ, ಮಳೆಯಿಲ್ಲದ ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದಿತ್ತು. ಪ್ರಿಂಟರ್ ಇತ್ತು, ಕೆಜಿಪಿ ಕೀಲಿಮಣೆ ಇತ್ತು, ಅತ್ತೆಯ ಬ್ಲೂಟೂತ್ ಸ್ಪೀಕರ್ ಕೂಡ ಮೊದಲ ಸಲಕ್ಕೇ ಸೇರಿಕೊಂಡಿತು.

ಯಾರಿಗೆ ಇದು ಬೇಡ ಅಂತಲೂ ಹೇಳಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಫೋಟೋಶಾಪ್‌ನಲ್ಲಿ ಮದುವೆ ಆಲ್ಬಮ್ ಮಾಡುವವರಿಗೆ ನಾನು ಮಿಂಟ್ ಹೇಳುವುದಿಲ್ಲ. ಅವು ಇಲ್ಲಿ ನೇರವಾಗಿ ನಡೆಯುವುದಿಲ್ಲ. ಶಾಲೆಗೆ ಬರುವ ವರ್ಡ್ ಫೈಲ್‌ಗಳು ಮಿಂಟ್ ಜೊತೆಗೇ ಬರುವ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ. ದೊಡ್ಡ ಕೋಷ್ಟಕ ಇದ್ದರೆ ಗೆರೆ ಸ್ವಲ್ಪ ಸರಿಯುವುದುಂಟು. ನಾನು ವಾಪಸ್ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ತಮ್ಮನದ್ದು 2017ರ ಲ್ಯಾಪ್‌ಟಾಪ್, ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲಿನದ್ದು, ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಎಲ್ಲ ಬೇಕು. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಮೂಲೆಗೆ ಹಾಕಲು ಅವನಿಗೆ ಮನಸ್ಸಿರಲಿಲ್ಲ. ದೀಪಾವಳಿಗೆ ಬಂದಾಗ ಇಬ್ಬರೂ ಕೂತು 22.2 ಹಾಕಿದೆವು. ಅದರಲ್ಲಿ ಸೆಕ್ಯೂರ್ ಬೂಟ್ ಆನ್ ಇತ್ತು. ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ನಡೆಯಲು ಬಿಡುವ ಕಾವಲು ಅದು. ಅಂಥ ಕಂಪ್ಯೂಟರ್‌ಗಳಲ್ಲಿ ಕೋಡೆಕ್‌ಗೆ ಟಿಕ್ ಹಾಕಿದಾಗ ಒಂದು ಪಾಸ್‌ವರ್ಡ್ ಇಡಿ ಅನ್ನುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಹೆದರಬೇಡಿ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಆಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆ ಪರದೆ ತಾನೇ ಮುಂದೆ ಹೋಗಿಬಿಡುತ್ತದೆ, ಹಾಗಾಗಿ ಎದುರಿಗೇ ಕೂತಿರಿ.

ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಮುಂದಿನ ದೊಡ್ಡ ಆವೃತ್ತಿ ಬಂದ ಕೂಡಲೇ ನಾನು ಹಾಕುವುದಿಲ್ಲ. ಆರು ತಿಂಗಳು ಬಿಟ್ಟು, ಮಳೆಗಾಲ ಕಳೆದು, ಶಾಲೆಗೆ ರಜೆ ಇರುವಾಗ ನೋಡುತ್ತೇನೆ. ಮೊನ್ನೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಕೆಳಗೆ ಗುರಾಣಿ ಚಿತ್ರದ ಮೇಲೆ ಚುಕ್ಕೆ ಬಂದಿದೆ, ಅಪ್‌ಡೇಟ್ ಅಂತೆ, ಒತ್ತಲಾ?" ಅಂದ. ಟೈಮ್‌ಶಿಫ್ಟ್ ಪಟ್ಟಿಯಲ್ಲಿ ಈ ವಾರದ ದಿನಾಂಕ ಇದೆಯಾ ನೋಡು ಅಂದೆ. ಇತ್ತು. ಒತ್ತಿದ.